ಡಿಶ್‌ವಾಷರ್ ಶುರುವಾದ ಮೊದಲ ಹದಿನೈದು ನಿಮಿಷ: ಸದ್ದನ್ನೂ ಮೌನವನ್ನೂ ಓದುವ ಸಮಗ್ರ ಮಾರ್ಗದರ್ಶಿ

ಮುಸುರೆಯನ್ನೆಲ್ಲ ಜೋಡಿಸಿ, ಬಾಗಿಲು ಮುಚ್ಚಿ, ಗುಂಡಿ ಒತ್ತಿದೆ. ಒಳಗೆ ಇನ್ನೂ ಒಂದು ಹನಿ ನೀರು ಬಂದಿರಲಿಲ್ಲ. ಯಂತ್ರ ಮಾತ್ರ ಗೊರಗೊರ ಎಂದು ನೀರನ್ನು ಹೊರಗೆ ತಳ್ಳತೊಡಗಿತು. ತುಂಬುವ ಮೊದಲೇ ಖಾಲಿ ಮಾಡುವ ಯಂತ್ರವನ್ನು ಯಾರು ತಾನೇ ನಂಬುತ್ತಾರೆ? ಆರಿಸಿ ಮತ್ತೆ ಹಚ್ಚಿದೆ, ಮತ್ತೆ ಅದೇ ಗೊರಗೊರ. ಕೆಟ್ಟೇಹೋಗಿದೆ ಎಂದುಕೊಂಡು ಮೂರು ದಿನ ಕೈಯಲ್ಲೇ ತೊಳೆದು, ಕೊನೆಗೆ ರಿಪೇರಿಯವರನ್ನು ಕರೆಸಿದೆ. ಬಂದವರು ಉಪಕರಣಗಳ ಚೀಲವನ್ನೇ ಬಿಚ್ಚಲಿಲ್ಲ. ಯಂತ್ರವನ್ನು ಹಚ್ಚಿ, ಕೈಗಡಿಯಾರ ನೋಡುತ್ತ ಹತ್ತು ನಿಮಿಷ ಅದರ ಪಕ್ಕ ನಿಂತರು. "ಇದು ಹೀಗೇ ಮಾಡಬೇಕು. ಹೀಗೆ ಮಾಡುವುದನ್ನು ಬಿಟ್ಟಾಗ ನನ್ನನ್ನು ಕರೆಯಿರಿ" ಎಂದು ಹೇಳಿ, ಬಂದ ಶುಲ್ಕ ಪಡೆದು ಹೊರಟರು.

ಆ ಹತ್ತು ನಿಮಿಷಗಳಲ್ಲಿ ಅವರು ಕೇಳಿಸಿಕೊಂಡದ್ದು ಏನು ಎಂಬುದನ್ನು ಕಲಿಯಲು ನನಗೆ ಕೆಲವು ವರ್ಷಗಳೇ ಬೇಕಾದವು. ಗುಟ್ಟು ಇಷ್ಟೇ: ಡಿಶ್‌ವಾಷರ್ ಪ್ರತಿ ಸಲವೂ ಒಂದೇ ಸರದಿಯಲ್ಲಿ ಕೆಲಸ ಆರಂಭಿಸುತ್ತದೆ. ಹೊರಹಾಕುವುದು, ತುಂಬುವುದು, ಎರಚುವುದು, ಅಳೆಯುವುದು, ಕಾಯಿಸುವುದು. ಪ್ರತಿ ಹಂತದ ಹಿಂದೆ ಒಂದೋ ಎರಡೋ ಭಾಗಗಳು ಮಾತ್ರ ಇರುತ್ತವೆ. ಆದ್ದರಿಂದ ಯಂತ್ರ ಎಷ್ಟನೆಯ ನಿಮಿಷದಲ್ಲಿ ತಡವರಿಸಿತು ಎಂಬುದು ತಿಳಿದರೆ ಯಾವ ಭಾಗ ತಡವರಿಸಿತು ಎಂಬುದು ಬಹುಪಾಲು ತಿಳಿದಂತೆಯೇ. ಸದ್ದು ಎಷ್ಟು ಜೋರಾಗಿದೆ, ಎಷ್ಟು ವಿಚಿತ್ರವಾಗಿದೆ ಎಂಬುದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ.

ಮೊದಲ ಹೆಜ್ಜೆ: ಗಡಿಯಾರ, ಕಾಗದ, ಖಾಲಿ ಯಂತ್ರ

ಪಾತ್ರೆಗಳನ್ನೆಲ್ಲ ಹೊರಗೆ ತೆಗೆಯಿರಿ. ಪಾತ್ರೆ ತುಂಬಿದ ಯಂತ್ರ ಮಾಡುವ ಸದ್ದುಗಳಲ್ಲಿ ಅರ್ಧದಷ್ಟು ಪಾತ್ರೆಗಳವೇ ಆಗಿರುತ್ತವೆ. ಸೋಪು ಹಾಕಬೇಡಿ. ಅಡುಗೆಮನೆಯ ಉಳಿದ ಸದ್ದುಗಳನ್ನು ನಿಲ್ಲಿಸಿ, ಮುಂಚೆಯೇ ಸಿಂಕ್ ಕೆಳಗಿನ ಕಪಾಟನ್ನು ತೆರೆದಿಡಿ. ನೀರು ಒಳಬರುವ ಕೊಳವೆ, ಹೊರಹೋಗುವ ಕೊಳವೆ ಎರಡೂ ಬಹುತೇಕ ಅಲ್ಲೇ ಇರುತ್ತವೆ. ಅವುಗಳ ಮೇಲೆ ಕೈಯಿಟ್ಟರೆ ನೀರು ಯಾವುದರಲ್ಲಿ ಹರಿಯುತ್ತಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಕಿವಿ ಮೋಸಹೋಗಬಹುದು, ಕೊಳವೆಯ ನಡುಕ ಸುಳ್ಳು ಹೇಳುವುದಿಲ್ಲ.

ಸಾಮಾನ್ಯ ಪ್ರೋಗ್ರಾಂ ಒಂದನ್ನು ಆರಿಸಿ. ತ್ವರಿತ ಪ್ರೋಗ್ರಾಂ ಬೇಡ, ಅದರಲ್ಲಿ ಸಾಮಾನ್ಯವಾಗಿ ಮೊದಲ ಜಾಲಾಟ ಇರುವುದಿಲ್ಲ, ಸರದಿ ಬೇರೆಯಾಗುತ್ತದೆ. ಗುಂಡಿ ಒತ್ತಿದ ಕ್ಷಣವನ್ನು ಸೊನ್ನೆ ಎಂದು ಬರೆದುಕೊಳ್ಳಿ. ಆಮೇಲೆ ಕೇಳಿದ್ದನ್ನೆಲ್ಲ ನಿಮಿಷದ ಜೊತೆ ಬರೆಯಿರಿ: "0:05 ಗೊರಗೊರ, 0:40 ಮೌನ, 0:45 ಟಕ್, ಸುಯ್..." ಹೀಗೆ. ಓದುವವರಿಗೆ ನಗು ಬರಬಹುದು. ಆದರೆ ಮುಂದೆ ರಿಪೇರಿಯವರನ್ನು ಕರೆಯಬೇಕಾಗಿ ಬಂದರೆ "ಏನೋ ಸದ್ದು ಮಾಡುತ್ತಿದೆ" ಎಂಬ ದೂರಿಗಿಂತ ಈ ಚೀಟಿ ನೂರು ಪಾಲು ಮೇಲು. ಸಾಧ್ಯವಾದರೆ ಯಂತ್ರ ಸರಿಯಿರುವಾಗಲೇ ಒಮ್ಮೆ ಇದನ್ನು ಮಾಡಿಡಿ.

ಸರಿಯಿರುವ ಯಂತ್ರದ ನಡೆ

ಗುಂಡಿ ಒತ್ತಿದೊಡನೆ, ಅಥವಾ ಬಾಗಿಲು ಮುಚ್ಚಿದೊಡನೆ, ಬಾಗಿಲ ಚಿಲಕದೊಳಗಿನ ಪುಟ್ಟ ಸ್ವಿಚ್ "ಮುಚ್ಚಿದೆ" ಎಂದು ತಿಳಿಸುತ್ತದೆ. ಆಮೇಲೆ ನೀರು ಹೊರಹಾಕುವ ಪಂಪ್ ಸುಮಾರು ಅರ್ಧ ನಿಮಿಷದಿಂದ ಒಂದು ನಿಮಿಷ ಓಡುತ್ತದೆ. ತಳದ ತಗ್ಗಿನಲ್ಲಿ, ಅಂದರೆ ಸಂಪ್‌ನಲ್ಲಿ, ಹಿಂದಿನ ಸಲದ ಸ್ವಲ್ಪ ನೀರು ಯಾವಾಗಲೂ ಉಳಿದಿರುತ್ತದೆ. ಸೀಲ್‌ಗಳು ಒಣಗದಂತೆ ಅದು ಕಾಯುತ್ತದೆ ಕೂಡ. ಆ ನೀರು ಮುಗಿದಮೇಲೆ ಪಂಪ್ ಗಾಳಿಯನ್ನು ಎಳೆಯುತ್ತದೆ, ಆಗ ಬರುವುದೇ ಆ ಗೊರಗೊರ. ನನ್ನನ್ನು ಮೂರು ದಿನ ಪಾತ್ರೆ ತೊಳೆಯಲು ಹಚ್ಚಿದ ಸದ್ದು ಅದು.

ಮುಂದೆ ಒಂದು ಟಕ್. ನೀರಿನ ವಾಲ್ವ್ ತೆರೆದ ಸದ್ದು. ಅದರ ಹಿಂದೆಯೇ ಸುಯ್ ಎಂದು ನೀರು ಒಳಬರುತ್ತದೆ. ಒಂದೆರಡು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು. ಈಗಿನ ಯಂತ್ರಗಳು ಒಂದು ಸಲಕ್ಕೆ ತೆಗೆದುಕೊಳ್ಳುವುದು ಸುಮಾರು 3–4 ಲೀಟರ್ ಮಾತ್ರ. ಹಳೆಯ ಯಂತ್ರಗಳನ್ನು ಕಂಡವರು ಬಾಗಿಲು ತೆರೆದು ನೋಡಿ "ನೀರೇ ಬಂದಿಲ್ಲ" ಎಂದು ಗಾಬರಿಯಾಗುವುದು ಇದರಿಂದಲೇ. ತೊಟ್ಟಿ ತುಂಬುವುದಿಲ್ಲ, ಫಿಲ್ಟರ್ ಇರುವ ತಗ್ಗು ತುಂಬಿ, ನೀರು ಅದರ ಅಂಚಿನ ಆಸುಪಾಸಿಗೆ ಬಂದರೆ ಸಾಕು. ವಾಲ್ವ್ ಮುಚ್ಚುವಾಗ ಗೋಡೆಯೊಳಗಿನ ಪೈಪ್ ಒಮ್ಮೆ ಧಡ್ ಎನ್ನಬಹುದು. ಓಡುತ್ತಿದ್ದ ನೀರು ಥಟ್ಟನೆ ನಿಂತಾಗ ಪೈಪಿಗೆ ಬೀಳುವ ಹೊಡೆತ ಅದು. ದೋಷ ಪೈಪು ಜೋಡಣೆಯದು, ಯಂತ್ರದ್ದಲ್ಲ. ಪೈಪನ್ನು ಗೋಡೆಗೆ ಬಿಗಿಮಾಡಿದರೆ ಅಥವಾ ಹೊಡೆತ ತಡೆಯುವ ಸಾಧನವನ್ನು ಪೈಪಿಗೆ ಸೇರಿಸಿದರೆ ಕಡಿಮೆಯಾಗುತ್ತದೆ.

ಇನ್ನು ಎರಚುವ ಪಂಪ್. ಇದು ಒಮ್ಮೆಲೇ ಪೂರ್ತಿ ವೇಗಕ್ಕೆ ಹೋಗುವುದಿಲ್ಲ. ಎರಡು ಕ್ಷಣ ತಿರುಗಿ, ನಿಂತು, ಮತ್ತೆ ತಿರುಗಿ, ಒಳಗಿನ ಗಾಳಿಯನ್ನು ಹೊರದಬ್ಬಿ, ನಿಧಾನವಾಗಿ ಲಯಕ್ಕೆ ಬರುತ್ತದೆ. ಹಾಡುಗಾರ ಶ್ರುತಿ ಹಿಡಿಯುವ ಹಾಗೆ. ನಡುವೆ ಇನ್ನೊಂದು ಸಣ್ಣ ಸುಯ್ ಬಂದರೆ, ನೀರು ಸಾಲದೆಂದು ಯಂತ್ರ ಇನ್ನಷ್ಟು ತೆಗೆದುಕೊಂಡಿತು ಎಂದು ಅರ್ಥ. ಹಲವು ಯಂತ್ರಗಳಲ್ಲಿ, ತಿರುಗುತ್ತ ನೀರೆರಚುವ ಮೇಲಿನ ತೋಳಿಗೊಮ್ಮೆ ಕೆಳಗಿನ ತೋಳಿಗೊಮ್ಮೆ ನೀರು ತಿರುಗಿಸುವ ಸಣ್ಣ ಮೋಟರ್ ಇರುತ್ತದೆ. ಅದು ಕೆಲಸ ಮಾಡಿದಾಗ ಕಿರ್‍ರ್ ಎಂದು ಕ್ಷಣಕಾಲ ಸದ್ದಾಗಿ, ಆಮೇಲೆ ಎರಚಾಟದ ದನಿಯೇ ಬದಲಾಗುತ್ತದೆ.

ಮೊದಲ ಜಾಲಾಟ ಮುಗಿದಮೇಲೆ ಸೋಪಿನ ಮುಚ್ಚಳ ಚಟ್ ಎಂದು ತೆರೆದು, ಟ್ಯಾಬ್ಲೆಟ್ ಟೊಪ್ ಎಂದು ಬೀಳುತ್ತದೆ. ಇದು ಹತ್ತು, ಹದಿನೈದು, ಕೆಲವೊಮ್ಮೆ ಅದಕ್ಕೂ ಹೆಚ್ಚು ನಿಮಿಷ ಕಳೆದಮೇಲೆ. ಐದನೆಯ ನಿಮಿಷಕ್ಕೆ ಬಾಗಿಲು ತೆರೆದು "ಸೋಪಿನ ಡಬ್ಬಿ ತೆರೆದೇ ಇಲ್ಲ" ಎನ್ನುವುದು ಅವಸರದ ತೀರ್ಪು.

1886ರಲ್ಲಿ ಅಮೆರಿಕದ ಜೋಸೆಫೀನ್ ಕೊಕ್ರೇನ್ ಪೇಟೆಂಟ್ ಪಡೆದ ಪಾತ್ರೆ ತೊಳೆಯುವ ಯಂತ್ರಕ್ಕೆ ಇಂಥ ತಡವರಿಕೆಗಳೇ ಇರಲಿಲ್ಲ. ತಿರುಗಿಸಿದರೆ ನೀರು ಎರಚುತ್ತಿತ್ತು, ಕೈಬಿಟ್ಟರೆ ನಿಲ್ಲುತ್ತಿತ್ತು. ಇಂದಿನ ಯಂತ್ರ ಪ್ರತಿ ಹೆಜ್ಜೆಗೂ ಯಾವುದೋ ಸೆನ್ಸರನ್ನು ಕೇಳಿ ಮುಂದುವರಿಯುತ್ತದೆ. ನಮಗೆ ವಿಚಿತ್ರವೆನಿಸುವ ಮೌನಗಳಲ್ಲಿ ಹೆಚ್ಚಿನವು ಉತ್ತರಕ್ಕಾಗಿ ಕಾಯುವ ಮೌನಗಳು.

ದೂರು ಕೊಡುವ ಮೊದಲು ತಳ್ಳಿಹಾಕಬೇಕಾದ್ದು

ಸಮಯ ಜಿಗಿಯುವುದು. ಪರದೆಯ ಮೇಲೆ 2:10 ಎಂದಿದ್ದದ್ದು ಕೆಲವೇ ನಿಮಿಷಗಳಲ್ಲಿ 1:35 ಆಗುತ್ತದೆ, ಅಥವಾ ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತುಬಿಡುತ್ತದೆ. ನೀರಿನ ಕಲಕನ್ನು ಅಳೆಯುವ ಸೆನ್ಸರ್ ಇದಕ್ಕೆ ಕಾರಣ. ಒಂದು ಕಡೆ ಪುಟ್ಟ ದೀಪ, ಎದುರಿಗೆ ಬೆಳಕು ಹಿಡಿಯುವ ಕಣ್ಣು. ನಡುವೆ ಹರಿಯುವ ನೀರು ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ನೋಡಿ, ಅದೇ ನೀರನ್ನು ಇಟ್ಟುಕೊಳ್ಳುವುದೋ ಚೆಲ್ಲುವುದೋ ಎಂದು ಯಂತ್ರ ತೀರ್ಮಾನಿಸುತ್ತದೆ. ಖಾಲಿ ಯಂತ್ರ ಓಡಿಸಿದಾಗ ಸಮಯ ಕಡಿಮೆಯಾಗುವುದು ಸೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿರುವುದರ ಗುರುತು. ತಣ್ಣೀರಿನ ಸಂಪರ್ಕವಿದ್ದರೆ ನೀರು ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಆಗ ಅಂಕಿ ನಿಲ್ಲುತ್ತದೆ.

ಬದಿಯ ಗೋಡೆಯಲ್ಲಿ ನೀರಿನ ಸದ್ದು. ಕೆಲವು ಯಂತ್ರಗಳ ಪಕ್ಕದ ಗೋಡೆಯೊಳಗೆ ತೆಳ್ಳನೆಯ ನೀರಿನ ಕೋಶವಿರುತ್ತದೆ. ಅಲ್ಲಿಂದ ಗಳಗಳ ಇಳಿದುಬಂದರೆ ಅದು ಸೋರಿಕೆಯಲ್ಲ.

ನೀರು ಮೆದುಗೊಳಿಸುವ ಘಟಕ. ಉಪ್ಪು ತುಂಬುವ ಯಂತ್ರವಿದ್ದರೆ, ಕೆಲವು ಸುತ್ತುಗಳಿಗೊಮ್ಮೆ ಅದು ತನ್ನ ರಾಳದ ಮಣಿಗಳನ್ನು ಉಪ್ಪುನೀರಿನಿಂದ ತೊಳೆದುಕೊಳ್ಳುತ್ತದೆ. ನೀರು ಗಡಸಾದಷ್ಟೂ ಇದು ಪದೇಪದೇ ನಡೆಯುತ್ತದೆ. ಮಾದರಿಯನ್ನು ಅನುಸರಿಸಿ ಈ ಕೆಲಸ ಸುತ್ತಿನ ಕೊನೆಯಲ್ಲೋ ಆರಂಭದಲ್ಲೋ ಬರುತ್ತದೆ. ಆರಂಭದಲ್ಲಿ ಬಂದರೆ ಸ್ವಲ್ಪ ನೀರು, ದೀರ್ಘ ಮೌನ, ಮತ್ತೆ ಹೊರಹಾಕುವುದು, ಆಮೇಲೆ ಮಾಮೂಲಿ ಸರದಿ. "ಕೆಲವು ದಿನ ಮಾತ್ರ ವಿಚಿತ್ರವಾಗಿ ಆಡುತ್ತದೆ" ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಅಂದಹಾಗೆ, ಉಪ್ಪು ತುಂಬುವಾಗ ಹೊರಚೆಲ್ಲಿದ ಉಪ್ಪುನೀರು ಉಕ್ಕನ್ನು ತಿನ್ನುತ್ತದೆ. ತುಂಬಿದ ತಕ್ಷಣ ಒಂದು ಸುತ್ತು ಓಡಿಸಿಬಿಡಿ.

ದೀಪ ಮಿನುಗುತ್ತದೆ, ಏನೂ ನಡೆಯುವುದಿಲ್ಲ. ತಡವಾಗಿ ಆರಂಭಿಸುವ ಆಯ್ಕೆಯನ್ನು ಕೈತಪ್ಪಿ ಒತ್ತಿರಬಹುದು. ಮಕ್ಕಳ ಲಾಕ್ ಆನ್ ಆಗಿರಬಹುದು. ಎತ್ತರದ ಪಾತ್ರೆಯೊಂದು ಅಡ್ಡಬಂದು ಬಾಗಿಲು ಕೂದಲೆಳೆಯಷ್ಟು ತೆರೆದಿರಬಹುದು. ಹಲವು ಯಂತ್ರಗಳಲ್ಲಿ ಗುಂಡಿ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಬಾಗಿಲು ಮುಚ್ಚದಿದ್ದರೆ ಆಜ್ಞೆ ರದ್ದಾಗುತ್ತದೆ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಯಂತ್ರವಾದರೆ ಪ್ರದರ್ಶನದ ಸ್ಥಿತಿಯಲ್ಲೇ ಉಳಿದಿರಬಹುದು. ಆಗ ಪರದೆ ಓಡುತ್ತದೆ, ಸಮಯ ಇಳಿಯುತ್ತದೆ, ನೀರು ಮಾತ್ರ ಬರುವುದಿಲ್ಲ. ಹೊರಬರುವ ದಾರಿ ಕೈಪಿಡಿಯಲ್ಲಿರುತ್ತದೆ.

ಹೊಸ ಯಂತ್ರದೊಳಗೆ ನೀರು ಕಂಡರೆ ಯಾರೋ ಬಳಸಿದ್ದನ್ನು ಮಾರಿದ್ದಾರೆ ಎಂದು ಜಗಳಕ್ಕೆ ಹೋಗಬೇಡಿ. ಕಾರ್ಖಾನೆಯಲ್ಲಿ ಪರೀಕ್ಷಿಸುವಾಗ ಉಳಿದ ನೀರದು.

ಪಂಪ್ ನಿಲ್ಲುವುದೇ ಇಲ್ಲ

ಗುಂಡಿ ಒತ್ತಿದಿರಿ, ಹೊರಹಾಕುವ ಪಂಪ್ ಶುರುವಾಯಿತು, ಎರಡು ನಿಮಿಷವಾಯಿತು, ಐದಾಯಿತು, ಇನ್ನೂ ಓಡುತ್ತಿದೆ. ಯಂತ್ರವನ್ನು ಆರಿಸಿದರೂ, ಕೆಲವು ಮಾದರಿಗಳಲ್ಲಿ, ಪಂಪ್ ನಿಲ್ಲುವುದಿಲ್ಲ. ಇದನ್ನು ಮಾಮೂಲಿ ಎಂದು ಬಿಡಬೇಡಿ. ತೊಟ್ಟಿಯ ಕೆಳಗೆ, ಯಂತ್ರದ ಅಡಿಯಲ್ಲಿ ಒಂದು ತಟ್ಟೆಯಿರುತ್ತದೆ; ಅದರಲ್ಲಿ ಸಣ್ಣ ತೇಲುವ ತುಂಡು, ಅದಕ್ಕೊಂದು ಸ್ವಿಚ್. ಎಲ್ಲಿಂದಲೋ ಸೋರಿದ ನೀರು ತಟ್ಟೆಗೆ ಬಿದ್ದು ಅದು ತೇಲಿದರೆ, ಮನೆಗೆ ನೀರು ನುಗ್ಗದಿರಲೆಂದು ಯಂತ್ರ ಉಳಿದದ್ದನ್ನೆಲ್ಲ ಬಿಟ್ಟು ಹೊರಹಾಕುತ್ತಲೇ ಇರುತ್ತದೆ. ಬಾಷ್ ಯಂತ್ರಗಳಲ್ಲಿ ಇದಕ್ಕೆ ಇ15 ಎಂಬ ಸಂಕೇತ, ಎಇಜಿಯಲ್ಲಿ ಐ30, ಎಲ್‌ಜಿಯಲ್ಲಿ ಎಇ.

ಮಾಡಬೇಕಾದ್ದು ಈ ಕ್ರಮದಲ್ಲಿ: ನಲ್ಲಿಯನ್ನು ಮುಚ್ಚಿ. ಪ್ಲಗ್ ಕಿತ್ತಿಡಿ. ಕೆಳಗಿನ ಪಟ್ಟಿಯನ್ನು ಬಿಚ್ಚಿ ಟಾರ್ಚ್ ಹಿಡಿದು ನೋಡಿ. ತಟ್ಟೆಯಲ್ಲಿ ನೀರು ಕಂಡರೆ ಸ್ಪಂಜಿನಿಂದ ಹೀರಿ ತೆಗೆಯಿರಿ. ಯಂತ್ರವನ್ನು ಹಿಂದಕ್ಕೆ ಓರೆಮಾಡಿ ನೀರು ಸುರಿದುಬಿಡುವ ಉಪಾಯ ಬಹಳ ಜನಪ್ರಿಯ. ಸಂಕೇತ ಮಾಯವಾಗುತ್ತದೆ, ನಿಜ. ಆದರೆ ನೀರು ಅಲ್ಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಒಮ್ಮೆ ಬರಿದುಮಾಡಿ, ಒಂದು ಸುತ್ತು ಓಡಿಸಿ, ಮತ್ತೆ ಟಾರ್ಚ್ ಹಾಕಿ ನೋಡಿ. ಒಣಗಿದ್ದರೆ ಹಿಂದಿನ ಸಲ ನೊರೆ ಉಕ್ಕಿ ಚೆಲ್ಲಿರಬಹುದು. ಮತ್ತೆ ಒದ್ದೆಯಾದರೆ ಬಾಗಿಲ ರಬ್ಬರ್, ಕೊಳವೆಯ ಹಿಡಿಕ್ಲಿಪ್, ಸಂಪ್‌ನ ಸೀಲ್ ಇವುಗಳಲ್ಲಿ ಒಂದು ಸೋರುತ್ತಿದೆ. ಎರಡನೆಯ ಸಲವೂ ಓರೆಮಾಡಿ ಕೈತೊಳೆದುಕೊಳ್ಳುವುದು ತೀರ ತಪ್ಪು.

ನೊರೆಯ ಮಾತು ಬಂತಲ್ಲ: ಕೈಯಲ್ಲಿ ತೊಳೆಯುವ ದ್ರವಸೋಪು ಒಂದು ಚಮಚ ಒಳಹೋದರೂ ಸಾಕು, ತೊಟ್ಟಿ ತುಂಬ ನೊರೆ. ಪಂಪ್ ನೀರನ್ನು ಬಿಟ್ಟು ನೊರೆಯನ್ನು ಎಳೆಯುತ್ತದೆ, ಒತ್ತಡ ಹುಟ್ಟುವುದಿಲ್ಲ. ಹೊಳಪು ದ್ರವ ಚೆಲ್ಲಿದ್ದರೂ ಹೀಗೇ. ಸುತ್ತನ್ನು ರದ್ದುಮಾಡಿ ನೀರು ಹೊರಹಾಕಿ, ತಣ್ಣೀರು ಹಾಕಿ ಮತ್ತೆ ಹೊರಹಾಕಿ. ನೊರೆ ಮುಗಿಯುವವರೆಗೆ ಬೇರೆ ದಾರಿಯಿಲ್ಲ.

ನೀರು ಬರುವುದಿಲ್ಲ

ಹೊರಹಾಕುವುದು ಮುಗಿಯಿತು, ಟಕ್ ಎಂದಿತು, ಸುಯ್ ಬರಲಿಲ್ಲ. ಬದಲಿಗೆ ಜೇನುಹುಳುವಿನಂತೆ ಗುಂಯ್‌ಗುಟ್ಟುತ್ತಿದೆ. ವಾಲ್ವ್‌ಗೆ ವಿದ್ಯುತ್ ಬಂದಿದೆ, ನೀರು ಬಂದಿಲ್ಲ ಎಂದರ್ಥ. ಮೊದಲು ಸಿಂಕ್ ಕೆಳಗಿನ ನಲ್ಲಿ ಪೂರ್ತಿ ತೆರೆದಿದೆಯೇ ನೋಡಿ. ಇದನ್ನು ಓದಿ "ಅಷ್ಟೂ ಗೊತ್ತಿಲ್ಲವೇ" ಎನಿಸಬಹುದು. ಕಪಾಟಿನೊಳಗೆ ಡಬ್ಬಿಗಳನ್ನು ತುರುಕುವಾಗ ನಲ್ಲಿಯ ಹಿಡಿ ಕಾಲುಭಾಗ ತಿರುಗಿರುವುದನ್ನು ನಾನೇ ಎರಡು ಸಲ ಕಂಡಿದ್ದೇನೆ.

ನಲ್ಲಿ ಸರಿಯಿದ್ದರೆ ಅದನ್ನು ಮುಚ್ಚಿ, ಕೊಳವೆಯನ್ನು ಬಿಚ್ಚಿ, ಬಕೆಟ್ ಹಿಡಿದು ನಲ್ಲಿ ತೆರೆಯಿರಿ. ಹಲವು ಕೈಪಿಡಿಗಳು ಕೇಳುವುದು ನಿಮಿಷಕ್ಕೆ ಸುಮಾರು 10 ಲೀಟರ್. ಅಷ್ಟು ಬರುತ್ತಿದ್ದರೆ ಕೊಳವೆಯ ಬಾಯಲ್ಲಿರುವ ಬೆರಳಿನ ಉಗುರಿನಷ್ಟು ಅಗಲದ ಜಾಲರಿಯನ್ನು ನೋಡಿ. ಮರಳು, ತುಕ್ಕು, ಸುಣ್ಣದ ಹರಳು ಅಲ್ಲಿ ಕಟ್ಟಿಕೊಂಡಿರುತ್ತವೆ. ಹಳೆಯ ಟೂತ್‌ಬ್ರಷ್ ಸಾಕು. ನಲ್ಲಿಗೆ ಸೇರುವ ಕೊಳವೆಯ ತುದಿಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯಂಥ ದಪ್ಪ ಭಾಗವಿದ್ದರೆ ಅದರೊಳಗೆ ವಿದ್ಯುತ್ ವಾಲ್ವ್ ಇರುತ್ತದೆ. ಅದನ್ನು ನೀರಿನಲ್ಲಿ ಮುಳುಗಿಸಬೇಡಿ, ಕತ್ತರಿಸಲಂತೂ ಹೋಗಲೇಬೇಡಿ.

ತೊಟ್ಟಿಯೊಳಗೆ, ಮೂಲೆಯಲ್ಲಿ, ಅಣಬೆಯಾಕಾರದ ಪ್ಲಾಸ್ಟಿಕ್ ಮುಚ್ಚಳ ಕಂಡರೆ ಅದು ನೀರಿನ ಮಟ್ಟ ಹೇಳುವ ತೇಲುಗ. ಎತ್ತಿ ಬಿಟ್ಟರೆ ಟಕ್ ಎಂದು ಕೆಳಗಿಳಿಯಬೇಕು. ಜಿಡ್ಡು ಕಟ್ಟಿ ಮೇಲೆಯೇ ನಿಂತಿದ್ದರೆ, ಯಂತ್ರ ತನ್ನ ಹೊಟ್ಟೆ ತುಂಬಿದೆ ಎಂದು ನಂಬಿ ನೀರು ತೆಗೆದುಕೊಳ್ಳುವುದೇ ಇಲ್ಲ. ಎಲ್ಲ ಯಂತ್ರಗಳಲ್ಲೂ ಇದು ಇರುವುದಿಲ್ಲ. ಹಲವು ಮಾದರಿಗಳು ಒಳಬರುವ ನೀರನ್ನು ಸಣ್ಣ ಚಕ್ರವೊಂದರ ಸುತ್ತುಗಳಿಂದ ಎಣಿಸುತ್ತವೆ. ಆ ಚಕ್ರ ಸಿಕ್ಕಿಕೊಂಡರೆ ನೀರು ಬರುತ್ತಿದ್ದರೂ ಯಂತ್ರ ಬರಲಿಲ್ಲ ಎನ್ನುತ್ತದೆ. ಅದು ರಿಪೇರಿಯವರ ಕೆಲಸ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಯಂತ್ರ ಆರಿದೆ, ಪ್ಲಗ್ ಕಿತ್ತಿದೆ, ಆದರೂ ತೊಟ್ಟಿಯಲ್ಲಿ ನೀರು ನಿಧಾನವಾಗಿ ಏರುತ್ತಿದೆ. ವಾಲ್ವ್‌ನ ಬಾಯಲ್ಲಿ ಕಸ ಸಿಕ್ಕಿ ಅದು ಮುಚ್ಚಿಕೊಳ್ಳುತ್ತಿಲ್ಲ. ನಲ್ಲಿ ಮುಚ್ಚಿ, ವಾಲ್ವ್ ಬದಲಾಗುವವರೆಗೆ ತೆರೆಯಬೇಡಿ.

ನೀರು ಬರುತ್ತಲೇ ಇದೆ, ತುಂಬುವುದಿಲ್ಲ

ನನಗೆ ಬಹಳ ಇಷ್ಟವಾದ ಒಗಟು ಇದು, ಏಕೆಂದರೆ ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ. ಸುಯ್ ಎಂಬ ಸದ್ದು ಐದಾರು ನಿಮಿಷ ನಿಲ್ಲುವುದಿಲ್ಲ, ಎರಚುವ ಪಂಪ್ ಶುರುವಾಗುವುದಿಲ್ಲ, ಕೊನೆಗೆ "ನೀರಿಲ್ಲ" ಎಂಬ ಸಂಕೇತ. ನಲ್ಲಿಯಲ್ಲಿ ನೀರು ಭರ್ಜರಿಯಾಗಿದೆ. ಹಾಗಾದರೆ ಹೋಯಿತೆಲ್ಲಿಗೆ? ಹೊರಹೋಗುವ ಕೊಳವೆಯ ಮೇಲೆ ಕೈಯಿಟ್ಟು ನೋಡಿ: ತುಂಬುವ ಹೊತ್ತಿನಲ್ಲೇ ಅದರಲ್ಲೂ ನೀರು ಹರಿಯುತ್ತಿದೆ. ಪಂಪ್ ಓಡುತ್ತಿಲ್ಲ, ನೀರು ತಾನಾಗಿಯೇ ಇಳಿದುಹೋಗುತ್ತಿದೆ. ಡ್ರಮ್ಮಿನಿಂದ ಕೊಳವೆ ಹಾಕಿ, ಒಮ್ಮೆ ಎಳೆದು ಬಿಟ್ಟರೆ ನೀರು ಸುರಿಯುತ್ತಲೇ ಇರುವುದಲ್ಲ, ಅದೇ ಸೈಫನ್.

ಹೊರಹೋಗುವ ಕೊಳವೆ ಯಂತ್ರದಿಂದ ಹೊರಟು ಮೇಲಕ್ಕೇರಿ, ಆಮೇಲೆ ಚರಂಡಿಯ ಪೈಪಿಗೆ ಇಳಿಯಬೇಕು. ನೆಲದ ಮೇಲೇ ಹರಿದು ನೆಲದ ಜಾಲಿಗೆ ಬಿದ್ದರೆ, ಅಥವಾ ಪೈಪಿನೊಳಗೆ ತೀರ ಆಳಕ್ಕೆ ತುರುಕಿ ಸುತ್ತ ಗಾಳಿಯಾಡದಂತೆ ಬಿಗಿಮಾಡಿದ್ದರೆ, ಸೈಫನ್ ಹುಟ್ಟಿಕೊಳ್ಳುತ್ತದೆ. ಪರೀಕ್ಷೆ ಹೀಗೆ: ತುಂಬುವ ಸದ್ದು ಎರಡು ನಿಮಿಷ ಕೇಳಿದಮೇಲೆ ಗೋಡೆಯ ಸ್ವಿಚ್ ಆರಿಸಿ, ಬಾಗಿಲು ತೆರೆದು ನೀರಿನ ಮಟ್ಟ ಗುರುತಿಸಿ. ಹತ್ತು ನಿಮಿಷ ಕಾಯಿರಿ. ಪಂಪ್ ಸತ್ತಿರುವಾಗ ಮಟ್ಟ ಇಳಿದರೆ ಸಂಶಯವೇ ಬೇಡ. ಎರಚುವ ಪಂಪ್ ಓಡಿದಮೇಲೆ ಈ ಪರೀಕ್ಷೆ ಮಾಡಬೇಡಿ. ಆಗ ನೀರು ತೋಳುಗಳಿಗೂ ಪಾತ್ರೆಗಳಿಗೂ ಹಂಚಿಹೋಗಿ ಲೆಕ್ಕ ತಪ್ಪುತ್ತದೆ.

ಪರಿಹಾರಕ್ಕೆ ಖರ್ಚೇ ಇಲ್ಲ. ಕೊಳವೆಯನ್ನು ಸಿಂಕಿನ ಕೆಳಮೈಗೆ ತಾಗುವಷ್ಟು ಎತ್ತಿ ಕಮಾನಿನಂತೆ ಕಟ್ಟಿ, ಅಲ್ಲಿಂದ ಇಳಿಬಿಡಿ. ಎಷ್ಟು ಎತ್ತರ ಎಂಬುದನ್ನು ಕೈಪಿಡಿ ಹೇಳುತ್ತದೆ. ಅನೇಕ ಯಂತ್ರಗಳಿಗೆ ನೆಲದಿಂದ 40 ಸೆಂಟಿಮೀಟರಿಗೆ ಕಡಿಮೆಯಿರಬಾರದು, ಒಂದು ಮೀಟರನ್ನು ಬಹಳ ಮೀರಲೂ ಬಾರದು. ತೀರ ಎತ್ತರಕ್ಕೆ ತಳ್ಳಲು ಪಂಪಿಗೆ ಶಕ್ತಿ ಸಾಲುವುದಿಲ್ಲ.

ಗುಂಡಿ ಒತ್ತುವ ಮೊದಲೇ ತಳದಲ್ಲಿ ನೀರು

ಫಿಲ್ಟರಿನ ತಗ್ಗಿನಲ್ಲಿ ಒಂದಿಷ್ಟು ನೀರು ಸಹಜ ಎಂದೆ. ತೊಟ್ಟಿಯ ತಳವೆಲ್ಲ ಮುಳುಗಿದ್ದರೆ ಸಹಜವಲ್ಲ. ನೀರನ್ನು ನೋಡಿ, ಮೂಸಿ. ಸೋಪಿನ ನೀರಾಗಿದ್ದರೆ ಹಿಂದಿನ ಸಲ ಹೊರಹೋಗಲಿಲ್ಲ. ಸಿಂಕಿನ ಕಸ, ಜಿಡ್ಡು ತೇಲುತ್ತಿದ್ದರೆ ಸಿಂಕಿನ ನೀರು ಹಿಂದಕ್ಕೆ ಹರಿದು ಬಂದಿದೆ. ಸಿಂಕಿನ ಪೈಪು ಕಟ್ಟಿಕೊಂಡಿರುವುದರ ಜೊತೆಗೆ ಮೇಲೆ ಹೇಳಿದ ಕಮಾನು ಇಲ್ಲದಿರುವುದೂ ಇದಕ್ಕೆ ಕಾರಣ. ಸಿಂಕ್ ಕೆಳಗೆ ಹೊಸದಾಗಿ ಕಸ ಅರೆಯುವ ಯಂತ್ರ ಕೂರಿಸಿದ್ದರೆ, ಅದರ ಪಕ್ಕದ ತೂತಿನ ಪ್ಲಾಸ್ಟಿಕ್ ಬಿರಡೆಯನ್ನು ಒಡೆದು ತೆಗೆಯುವುದನ್ನು ಕೂರಿಸಿದವರು ಮರೆತಿರಬಹುದು. ಆಗ ಡಿಶ್‌ವಾಷರ್‌ನ ನೀರಿಗೆ ಹೋಗಲು ದಾರಿಯೇ ಇಲ್ಲ.

ಸೋಪಿನ ನೀರಾದರೆ ಪ್ಲಗ್ ಕಿತ್ತು, ನೀರನ್ನು ಲೋಟದಿಂದ ಎತ್ತಿ, ಸ್ಪಂಜಿನಿಂದ ಹೀರಿ, ಫಿಲ್ಟರನ್ನು ತಿರುಗಿಸಿ ಹೊರತೆಗೆಯಿರಿ. ಕೆಳಗಿನ ತಗ್ಗಿಗೆ ಬರಿಗೈ ಹಾಕಬೇಡಿ. ಒಡೆದ ಗಾಜಿನ ಚೂರು ಹೋಗಿ ಕೂರುವುದು ಅಲ್ಲಿಯೇ. ದಪ್ಪ ಕೈಗವಸು ತೊಟ್ಟು, ಪಂಪಿನ ಮುಚ್ಚಳ ತೆಗೆಯಲು ಬರುವಂತಿದ್ದರೆ ತೆಗೆದು, ಅದರ ಪುಟ್ಟ ಚಕ್ರವನ್ನು ಕಡ್ಡಿಯಿಂದ ತಿರುಗಿಸಿ. ಆಯಸ್ಕಾಂತವಿರುವುದರಿಂದ ಅದು ಸಲೀಸಾಗಿ ತಿರುಗದೆ ತಡೆತಡೆದು ಜಿಗಿಯುತ್ತದೆ, ಅದು ಸರಿಯೇ. ಒಂದಿಷ್ಟೂ ಅಲುಗದಿದ್ದರೆ ಏನೋ ಸಿಕ್ಕಿದೆ: ಡಬ್ಬಿಯ ಮೇಲಿನ ಕಾಗದ, ಹಲ್ಲುಕಡ್ಡಿ, ಹಣ್ಣಿನ ಬೀಜ. ಆರಂಭದ ಗೊರಗೊರದ ಜಾಗದಲ್ಲಿ ಗರಗರ ಎಂಬ ಅರೆಯುವ ಸದ್ದು ಬರುತ್ತಿದ್ದರೂ ಹುಡುಕಬೇಕಾದ್ದು ಇಲ್ಲೇ.

ಎರಚುವ ಹಂತದ ಅಪಸ್ವರಗಳು

ಟಕ್... ಟಕ್... ಎಂದು ಗಡಿಯಾರದಂತೆ ಬಡಿದರೆ ತೋಳು ಯಾವುದೋ ಪಾತ್ರೆಗೆ ತಾಗುತ್ತಿದೆ. ಹಚ್ಚುವ ಮೊದಲು ಎರಡೂ ತೋಳುಗಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದರೆ ಮುಗಿಯಿತು.

ಎರಚಾಟ ಏರಿಳಿದು, ಭೋರ್ ಎಂದು, ನಿಂತು, ಮತ್ತೆ ಭೋರ್ ಎಂದರೆ ಪಂಪಿಗೆ ನೀರು ಸಾಲದೆ ಗಾಳಿ ಎಳೆಯುತ್ತಿದೆ. ಒಳಬರುವ ನೀರು ಕಡಿಮೆಯಿರಬಹುದು, ಫಿಲ್ಟರ್ ಕಟ್ಟಿರಬಹುದು. ಅದಕ್ಕಿಂತ ಸರಳ ಕಾರಣವೊಂದನ್ನು ಜನ ಮರೆಯುತ್ತಾರೆ: ಬೋರಲು ಹಾಕಿದ್ದ ಬಟ್ಟಲು ಎರಚಿದ ರಭಸಕ್ಕೆ ಅಂಗಾತ ಬಿದ್ದು ನೀರು ತುಂಬಿಕೊಂಡಿದೆ. ಒಟ್ಟು 3–4 ಲೀಟರಿನಲ್ಲಿ ಒಂದು ದೊಡ್ಡ ಬಟ್ಟಲು ಒಂದು ಲೀಟರನ್ನು ಹಿಡಿದಿಟ್ಟರೆ ಪಂಪಿಗೆ ಉಳಿಯುವುದೆಷ್ಟು?

ತುಂಬಿದ ನಂತರ ಬರೀ ಹ್ಞೂಂ ಎಂಬ ಗುನುಗು, ಎರಚಾಟವಿಲ್ಲ: ಪಂಪ್ ಸಿಕ್ಕಿಕೊಂಡಿದೆ. ತಿಂಗಳುಗಟ್ಟಲೆ ಬಳಸದೆ ಇಟ್ಟ ಯಂತ್ರಗಳಲ್ಲಿ ಸೀಲ್ ಒಣಗಿ ಹೀಗಾಗುವುದುಂಟು. ಆರಿಸಿ, ಒಂದೆರಡು ಲೀಟರ್ ಬಿಸಿನೀರನ್ನು ತಳಕ್ಕೆ ಸುರಿದು, ಕೆಲವು ಗಂಟೆ ಬಿಟ್ಟು ಮತ್ತೆ ಹಚ್ಚಿ ನೋಡಿ. ಕುದಿಯುವ ನೀರು ಬೇಡ. ಎರಡು ಪ್ರಯತ್ನಕ್ಕೂ ಗುನುಗುತ್ತಲೇ ಇದ್ದರೆ ನಿಲ್ಲಿಸಿ, ಮೋಟರ್ ಸುಟ್ಟುಹೋದೀತು.

ವಿದ್ಯುತ್ ಟ್ರಿಪ್ ಆದರೆ

ಇಲ್ಲಿ ಗಡಿಯಾರದ ಬೆಲೆ ಎಲ್ಲಕ್ಕಿಂತ ಹೆಚ್ಚು. ಗುಂಡಿ ಒತ್ತಿದೊಡನೆ ಟ್ರಿಪ್ ಆದರೆ ಹೊರಹಾಕುವ ಪಂಪ್, ಬಾಗಿಲ ವಯರುಗಳು, ತಟ್ಟೆಗೆ ಸೋರಿದ ನೀರು, ಇವುಗಳತ್ತ ಬೆರಳು. ತುಂಬಲು ಹೊರಟಾಗ ಆದರೆ ವಾಲ್ವ್. ಐದರಿಂದ ಹದಿನೈದು ನಿಮಿಷ ಚೆನ್ನಾಗಿ ಓಡಿ, ನೀರು ಎರಚುತ್ತಿರುವಾಗ ಆದರೆ ಹೀಟರ್ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಎರಡು ಕಿಲೋವ್ಯಾಟ್ ಆಸುಪಾಸಿನ ಆ ಭಾಗ ಕೆಲಸ ಆರಂಭಿಸುವುದು ಆಗಲೇ, ಅದರ ಒಳಗಿನ ನಿರೋಧಕಕ್ಕೆ ತೇವ ತಗುಲಿದರೆ ವಿದ್ಯುತ್ ನೆಲಕ್ಕೆ ಸೋರುತ್ತದೆ. ಸೋರಿಕೆ ತಡೆಯುವ ಬ್ರೇಕರ್ ಬಿದ್ದಿದ್ದರೆ ಅದನ್ನು ಮತ್ತೆಮತ್ತೆ ಎತ್ತಿ "ನೋಡೋಣ" ಎನ್ನಬೇಡಿ. ನೀರು, ಲೋಹ, ವಿದ್ಯುತ್ ಮೂರೂ ಸೇರಿದ ಪೆಟ್ಟಿಗೆಯದು. ಪ್ಲಗ್ ಕಿತ್ತು, ಬಲ್ಲವರಿಗೆ ಬಿಡಿ.

ಕೊನೆಯದಾಗಿ ರೀಸೆಟ್, ಆಮೇಲೆ ಫೋನ್

ವಿದ್ಯುತ್ ಹೋಗಿ ಬಂದಮೇಲೆ ಯಂತ್ರ ನಡುಹಾದಿಯಿಂದ ಮುಂದುವರಿಯಬಹುದು, ಇಲ್ಲವೇ ಮೊದಲು ಎಲ್ಲವನ್ನೂ ಹೊರಚೆಲ್ಲಬಹುದು. ಗೊಂದಲವಿದ್ದರೆ ಆರಂಭದ ಗುಂಡಿಯನ್ನು ಮೂರು ಸೆಕೆಂಡಿನಷ್ಟು ಒತ್ತಿ ಹಿಡಿದು ಸುತ್ತನ್ನು ರದ್ದುಮಾಡುವ ಏರ್ಪಾಡು ಅನೇಕ ಯಂತ್ರಗಳಲ್ಲಿದೆ. ಒತ್ತಿ, ಬಾಗಿಲು ಮುಚ್ಚಿ, ನೀರು ಪೂರ್ತಿ ಹೊರಹೋಗಲು ಒಂದೆರಡು ನಿಮಿಷ ಬಿಡಿ. ಅದಕ್ಕೂ ಜಗ್ಗದಿದ್ದರೆ ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಿರಿ. ಆದರೆ ರೀಸೆಟ್ ಮಾಡುವ ಮೊದಲು ಪರದೆಯ ಸಂಕೇತದ ಫೋಟೊ ತೆಗೆದಿಡಿ. ಅಳಿಸಿಹೋದ ಸಂಕೇತವನ್ನು ನೆನಪಿನಿಂದ ಹೇಳಲು ಹೋದರೆ 24 ಹೋಗಿ 42 ಆಗುತ್ತದೆ.

ಫೋನ್ ಮಾಡುವಾಗ ಬಾಗಿಲ ಅಂಚಿನಲ್ಲಿ ಅಂಟಿಸಿರುವ ಚೀಟಿಯಿಂದ ಮಾದರಿ ಸಂಖ್ಯೆ ಓದಿ ಹೇಳಿ. ಆಮೇಲೆ ನಿಮ್ಮ ಸದ್ದಿನ ಚೀಟಿ: "ಹೊರಹಾಕುವುದು ಸರಿಯಾಗಿ ಆಯಿತು, 0:50ಕ್ಕೆ ಟಕ್ ಬಂತು, ನೀರು ಒಂದು ನಿಮಿಷ ಬಂತು, ಎರಚುವ ಪಂಪ್ ಗುನುಗಿತು, ತಿರುಗಲಿಲ್ಲ." ಇಷ್ಟು ಕೇಳಿದವರು ಬರುವಾಗಲೇ ಬೇಕಾದ ಭಾಗವನ್ನು ಜೊತೆಗೆ ತರುತ್ತಾರೆ. ನನ್ನ ಮನೆಗೆ ಎರಡನೆಯ ಸಲ ಅದೇ ರಿಪೇರಿಯವರು ಬಂದಾಗ ನನ್ನ ಚೀಟಿಯನ್ನು ಓದಿ, ಕೈಗಡಿಯಾರ ನೋಡದೆಯೇ ಚೀಲ ಬಿಚ್ಚಿದರು.